ಮೇಜಿನ ಮೇಲೆ ಎರಡು ಡಬ್ಬ

ಕಳೆದ ಭಾನುವಾರ ನನ್ನ ಒಂಬತ್ತು ವರ್ಷದ ಮಗಳು ಕೊಂಬಿನಿ ಅಂಗಡಿಯಿಂದ ತಂದ ಉಗುರುಬಣ್ಣ ಹಚ್ಚಿಕೊಂಡು, ಐದೇ ನಿಮಿಷದಲ್ಲಿ ಅದರ ಮೇಲೆ ಬೇಸರವಾಗಿ, ಅಳಿಸಲು ಕೂತಿದ್ದಳು. ಅಳಿಸುವ ದ್ರಾವಣದ ಮುಚ್ಚಳ ತೆರೆದದ್ದೇ ತಡ, ಟೋಕಿಯೋ ಪಕ್ಕದ ಇಚಿಕಾವಾದ ನಮ್ಮ ಪುಟ್ಟ ಫ್ಲ್ಯಾಟಿನ ಅಡುಗೆಮನೆವರೆಗೂ ವಾಸನೆ ಬಂತು. "ಕುಸಾಯ್" ಎಂದು ಅವಳೇ ಮೂಗು ಮುಚ್ಚಿಕೊಂಡಳು. "ನಾರ್ತಿರೋದು ನೀನು ತೆಗ್ದಿರೋ ಬಾಟ್ಲಿನೇ ಕಣೆ, ಕಿಟಕಿ ತೆಗಿ" ಅಂದೆ. ಆದರೆ ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಒಗ್ಗರಣೆ ಸೌಟು ಹಿಡಿದು ನಿಂತೇ ಇದ್ದೆ, ಸಾಸಿವೆ ಸೀದುಹೋಯಿತು. ಸ್ವಲ್ಪ ಸಿಹಿ, ಸ್ವಲ್ಪ ತಲೆಗೇರುವ ಆ ವಾಸನೆ... ಬಂದೂಕಿನ ಹೊಗೆಯಿಲ್ಲದ ಮದ್ದಿನ ಡಬ್ಬವನ್ನು ತೆರೆದಾಗ ಬರುವ ವಾಸನೆಗೆ ಅದು ಬಹಳ ಹತ್ತಿರ. ಅದು ನನಗೆ ಗೊತ್ತಿರುವುದು ಒಕಾಜಾಕಿಯ ಎದುರುಮನೆ ಅಜ್ಜನಿಂದ.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ನಾನು ಒಕಾಜಾಕಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪೋಸ್ಟ್‌ಡಾಕ್. ಗಂಡನಿಗೆ ಟೋಕಿಯೋದ ಕೋಟೋದಲ್ಲಿ ಐಟಿ ಕೆಲಸ, ಶುಕ್ರವಾರ ಸಂಜೆ ಶಿಂಕಾನ್ಸೆನ್ ರೈಲು ಹತ್ತಿ ಬರುವವನು, ರಿಲೀಸ್ ಗಿಲೀಸ್ ಎಂದು ಕೆಲವು ವಾರ ಬಾರದೇ ಇರುವವನು. ಮಗಳಿನ್ನೂ ಹುಟ್ಟಿರಲಿಲ್ಲ. ಮಾತನಾಡಲು ಜನವಿಲ್ಲದೆ ನನ್ನ ಬಾಯಿ ತುಕ್ಕು ಹಿಡಿಯುತ್ತಿದ್ದ ಕಾಲ ಅದು. ನನ್ನನ್ನು ಬಲ್ಲವರಿಗೆ ಇದು ಎಂಥ ಶಿಕ್ಷೆ ಎಂದು ಬೇರೆ ಹೇಳಬೇಕಾಗಿಲ್ಲ.

ಅಪ್ಪ ಮೈಸೂರಿನಲ್ಲಿ ಪೊಲೀಸ್ ಆರ್ಮರರ್ ಆಗಿದ್ದರು. ಅಂದರೆ ಬಂದೂಕು, ಪಿಸ್ತೂಲು, ರಿವಾಲ್ವರುಗಳನ್ನು ಬಿಚ್ಚಿ, ಒರೆಸಿ, ಕೆಟ್ಟದ್ದನ್ನು ಸರಿಮಾಡಿ ಮತ್ತೆ ಜೋಡಿಸುವ ಕೆಲಸ. ಅವರ ಖಾಕಿ ಅಂಗಿಯ ತೋಳಿಗೆ ಸದಾ ಬಂದೂಕಿನ ಎಣ್ಣೆಯ ವಾಸನೆ. ಒಕಾಜಾಕಿಗೆ ಹೋದ ಎರಡನೆಯ ವಾರ, ಬೀದಿಯ ಮೂಲೆಯಲ್ಲಿ ಕಸ ಇಡುವ ಜಾಗದಲ್ಲಿ, ಎದುರುಮನೆಯ ಅಜ್ಜ ನನ್ನ ಚೀಲದಲ್ಲಿದ್ದ ತಪ್ಪು ಬಾಟಲಿಯನ್ನು ತೋರಿಸಿ, ಯಾವ ದಿನ ಯಾವ ಕಸ ಎಂದು ಬಹಳ ವಿನಯದಿಂದ ಪಾಠ ಮಾಡುತ್ತಿದ್ದರು. ನನ್ನ ಗಮನವೆಲ್ಲ ಅಪ್ಪನ ಅಂಗಿಯದೇ ವಾಸನೆ ಬರುತ್ತಿದ್ದ ಅವರ ಕೈಗವಸಿನ ಮೇಲೆ. ಪಾಠ ಮುಗಿಯುವ ಮೊದಲೇ ನನ್ನ ಹರಕು ಜಪಾನಿಯಲ್ಲಿ ಕೇಳಿಬಿಟ್ಟೆ, "ಸುಮಿಮಾಸೆನ್, ಕ್ಷಮಿಸಿ, ನಿಮ್ಮ ಹತ್ರ ಬಂದೂಕು ಇದೆ ಅಲ್ವಾ?"

ಅಜ್ಜ ಮಾತು ನಿಲ್ಲಿಸಿದರು. ನನ್ನನ್ನು ನೋಡಿದರು, ಕೈಗವಸನ್ನು ನೋಡಿಕೊಂಡರು, ಮೂಸಿದರು. ಆಮೇಲೆ ನಕ್ಕರು. ಎಪ್ಪತ್ತೆಂಟರ ಆ ಮುಖದಲ್ಲಿ ನಗು ಬರಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಉತ್ತರವೂ ಹಾಗೆಯೇ. ಏನು ಕೇಳಿದರೂ ಅವರು ಮೊದಲು ಸುಮ್ಮನಾಗುವರು. ಕೇಳಿಸಲಿಲ್ಲವೇನೋ ಎಂದು ನಾನು ಎರಡನೇ ಸಲ ಕೇಳಲು ಬಾಯಿ ತೆರೆದಾಗ ಉತ್ತರ ಬರುವುದು. ಅವತ್ತಿನಿಂದ ನಾನು ಅವರಿಗೆ 'ಹಕಾಸೆ' ಆದೆ. ಪಂಡಿತರು ಅಂತ ಅರ್ಥ, ಅರ್ಧ ಗೌರವ, ಅರ್ಧ ತಮಾಷೆ. ನಾನು ಅವರನ್ನು ಓಜೀಸಾನ್ ಎನ್ನುತ್ತಿದ್ದೆ, ನಮ್ಮಲ್ಲಿ ತಾತ ಅಂದಂತೆ.

ಜಪಾನಿನಲ್ಲಿ ಸಾಮಾನ್ಯ ಜನ ಪಿಸ್ತೂಲಿನ ಮುಖ ನೋಡುವುದು ಪೊಲೀಸರ ಸೊಂಟದಲ್ಲಿ ಮಾತ್ರ. ಬೇಟೆಯ ಬಂದೂಕಿಗೆ ಪರವಾನಗಿ ಸಿಗುತ್ತದೆ, ಆದರೆ ಅದಕ್ಕೆ ಪರೀಕ್ಷೆ, ವೈದ್ಯರ ಚೀಟಿ, ಅಕ್ಕಪಕ್ಕದವರ ವಿಚಾರಣೆ, ವರ್ಷಕ್ಕೊಮ್ಮೆ ಪೊಲೀಸರ ತಪಾಸಣೆ. ಅಜ್ಜನ ಬಳಿ ಒಂದು ಜೋಡುನಳಿಗೆ ಬಂದೂಕಿತ್ತು. ಗುಡ್ಡದ ಕಡೆಯ ಗದ್ದೆಗಳಿಗೆ ಕಾಡುಹಂದಿಗಳು ಇಳಿಯುತ್ತಿದ್ದವು, ಚಳಿಗಾಲದಲ್ಲಿ ನಾಲ್ಕಾರು ಮುದುಕರು ಸೇರಿ ಬೇಟೆಗೆ ಹೋಗುತ್ತಿದ್ದರು. ಉಳಿದವರೆಲ್ಲ ಅಂಗಡಿಯಲ್ಲಿ ಸಿದ್ಧ ತೋಟಾ ಕೊಳ್ಳುವವರು. ಅಜ್ಜ ಮಾತ್ರ, ಅದಕ್ಕೂ ಬೇರೆ ಅನುಮತಿ ಪಡೆದು, ಖಾಲಿ ತೋಟಾಗಳಿಗೆ ಮದ್ದು, ಗುಂಡು ತಾವೇ ತುಂಬುತ್ತಿದ್ದರು. ನಲವತ್ತು ವರ್ಷದಿಂದ.

ನಾನು ಅಲ್ಲಿಗೆ ಹೋದ ವರ್ಷವೇ ಅವರಿಗೊಂದು ಕಷ್ಟ ಬಂದಿತ್ತು. ಅಷ್ಟೂ ಕಾಲ ಬಳಸಿದ ಮದ್ದು ತಯಾರಾಗುವುದು ನಿಂತುಹೋಗಿತ್ತು. ಅಂಗಡಿಯವನು ಅದರ ಬದಲಿಗೆ ಬೇರೆ ಎರಡು ಬಗೆಯ ಮದ್ದು ಕೊಟ್ಟಿದ್ದ. ನವೆಂಬರಿನ ಮಧ್ಯದಲ್ಲಿ ಬೇಟೆಯ ಕಾಲ ತೆರೆಯುವ ಮೊದಲು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಮ್ಮ ಲ್ಯಾಬಿನಲ್ಲಾದರೆ ಈ ಕೆಲಸಕ್ಕೆ ಒಂದು ಮಧ್ಯಾಹ್ನ, ಎರಡು ಗ್ರಾಫ್, ಒಂದು ಮೀಟಿಂಗ್. ಅಜ್ಜ ಮಾರ್ಚಿನಲ್ಲಿ ಶುರು ಮಾಡಿದವರು ಅಕ್ಟೋಬರಿನಲ್ಲೂ ಮುಗಿಸಿರಲಿಲ್ಲ.

ಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಅವರ ಕೆಲಸ. ಬಾಗಿಲ ಬಳಿ ಒಂದು ಸ್ಟೂಲು, ಅದು ನನ್ನದು. ಅಲ್ಲಿಂದ ಮುಂದೆ ಬರುವಂತಿಲ್ಲ, ಏಕೆಂದರೆ ಪರವಾನಗಿ ಇಲ್ಲದವರು ಮದ್ದನ್ನು ಮುಟ್ಟುವಂತಿಲ್ಲ. ಗೋಡೆಯ ಮೇಲೆ ಅವರದೇ ಕೈಬರಹದ ಒಂದು ಚೀಟಿ: ಮೇಜಿನ ಮೇಲೆ ಒಂದೇ ಡಬ್ಬ. ಒಂದು ಮದ್ದಿನ ಕೆಲಸ ಮುಗಿದು, ಡಬ್ಬ ಕಪಾಟಿಗೆ ಹೋಗಿ, ಬೀಗ ಬಿದ್ದು, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆಯೇ ಎರಡನೆಯದು ಹೊರಗೆ ಬರುವುದು. ಏಕೆ ಎಂದು ಕೇಳಿದೆ. ಹೇಳಿದರು: "ಎರಡೂ ಬೂದು ಬಣ್ಣ. ಎರಡೂ ಚಿಕ್ಕ ಚಕ್ಕೆ. ಒಮ್ಮೆ ಬೆರೆತರೆ ದೇವರೂ ಬೇರೆ ಮಾಡಲಾರ." ಒಂದೇ ಅಳತೆಯ ಸೌಟಿನಲ್ಲಿ ಒಂದು ಹಗುರ, ಒಂದು ಭಾರ. ಒಂದು ಭಗ್ಗೆಂದು ಉರಿಯುವುದು, ಇನ್ನೊಂದು ನಿಧಾನ. ಒಂದರ ಲೆಕ್ಕದಲ್ಲಿ ಇನ್ನೊಂದನ್ನು ತುಂಬಿದರೆ ನಳಿಗೆ ಸಿಡಿದು ಮುಖ, ಕೈ ಹೋಗಬಹುದು. ನಾನು ಅದನ್ನು ನನ್ನ ಅಡುಗೆಮನೆಗೆ ಅನುವಾದಿಸಿಕೊಂಡೆ: ಪೇಪರ್ ಅವಲಕ್ಕಿ ಮತ್ತು ಗಟ್ಟಿ ಅವಲಕ್ಕಿ. ಲೋಟ ಒಂದೇ, ತೂಕ ಬೇರೆ, ನೆನೆಯುವ ಹೊತ್ತೂ ಬೇರೆ. ಅಜ್ಜನಿಗೆ ಅದನ್ನು ವಿವರಿಸಿದಾಗ ಅವರು ಅವಲಕ್ಕಿ ನೋಡಬೇಕೆಂದರು. ಒಯ್ದು ತೋರಿಸಿದೆ. ಒಂದೊಂದು ಚಕ್ಕೆಯನ್ನೂ ಬೆರಳಿನಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ, "ಸರಿಯಾದ ಹೋಲಿಕೆ" ಅಂದರು. ನನ್ನ ಪಿಎಚ್‌ಡಿ ಗೈಡ್ ಆರು ವರ್ಷದಲ್ಲಿ ಒಮ್ಮೆಯೂ ಹಾಗಂದಿರಲಿಲ್ಲ.

ಅವರು ತೂಗುವುದನ್ನು ನೋಡುತ್ತ ಕೂರುವುದು ನನ್ನ ಶನಿವಾರದ ಪೂಜೆಯಾಯಿತು. ಹಳೆಯ ತಕ್ಕಡಿ, ಚಿಕ್ಕ ತಟ್ಟೆ. ಕೊನೆಯ ಎರಡು ಮೂರು ಚಕ್ಕೆಗಳನ್ನು ಬೆರಳ ತುದಿಯಿಂದ ತಟ್ಟಿ ಬೀಳಿಸುವರು. ಮುಳ್ಳು ನಿಲ್ಲುವವರೆಗೆ ಉಸಿರು ಬಿಡುತ್ತಿರಲಿಲ್ಲ, ನಾನೂ ಬಿಡುತ್ತಿರಲಿಲ್ಲ. ತಟ್ಟೆಗೆ ಬೀಳುವ ಸದ್ದಿನಿಂದಲೇ ಇವತ್ತು ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಹೇಳುತ್ತಿದ್ದರು. ನಾನು ನಂಬದೆ ಫೋನಿನಲ್ಲಿ ನೋಡಿದರೆ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಪ್ರತಿ ಮದ್ದಿನಿಂದ ಹತ್ತು ಹತ್ತು ತೋಟಾ ತುಂಬಿ ಶೂಟಿಂಗ್ ರೇಂಜಿಗೆ ಒಯ್ದು ಹೊಡೆಯುವರು. ಬೇಸಿಗೆಯ ಸೆಕೆಯಲ್ಲೊಮ್ಮೆ, ಮಳೆಯ ತೇವದಲ್ಲೊಮ್ಮೆ, ಮುಂಜಾನೆಯ ತಂಪಿನಲ್ಲೊಮ್ಮೆ. ಹತ್ತು ಹೊಡೆದ ಮೇಲೆ ನಳಿಗೆಯೊಳಗೆ ಒಂದು ಬಿಳಿ ಬಟ್ಟೆಯ ಚೂರನ್ನು ತೂರಿಸಿ ಎಳೆಯುವರು. ಆ ಮಸಿ ಹಿಡಿದ ಬಟ್ಟೆಗಳನ್ನು, ಕೆಳಗೆ ಪೆನ್ಸಿಲಿನಲ್ಲಿ ದಿನ, ಚಳಿ, ತೇವ ಬರೆದು ಗೋಡೆಗೆ ಸಾಲಾಗಿ ಅಂಟಿಸಿದ್ದರು. ಒಂದು ಸಾಲು ಕಂದು, ಒಂದು ಸಾಲು ಕಪ್ಪು. ಎಂಟು ತಿಂಗಳು... ಆ ಗೋಡೆಯ ಮುಂದೆ ನಿಂತಾಗ ದೇವಸ್ಥಾನದಲ್ಲಿ ನಿಂತಂತೆ ನನ್ನ ಬಾಯಿ ತಾನಾಗಿ ಮುಚ್ಚುತ್ತಿತ್ತು. ವಿಜ್ಞಾನಿ ಎಂದು ಸಂಬಳ ತೆಗೆದುಕೊಳ್ಳುತ್ತಿದ್ದವಳು ನಾನು, ವಿಜ್ಞಾನ ಮಾಡುತ್ತಿದ್ದವರು ಅವರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ನವೆಂಬರಿನ ಮೊದಲ ಶನಿವಾರ. ಮುಂದಿನ ವಾರದ ಭಾನುವಾರ ಬೇಟೆ ಶುರು. ಅಜ್ಜ ನಿರ್ಧಾರದ ಅಂಚಿನಲ್ಲಿದ್ದರು. ನಾನು ಸ್ಟೂಲಿನಿಂದ ಬಾಯಿ ಹಾಕಿದೆ: "ಓಜೀಸಾನ್, ಹೋಲಿಸೋದು ಅಂದ್ರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡ್ಬೇಕು. ಒಂದ್ಸಲ ಲೆನ್ಸಿನಲ್ಲಿ ನನಗೂ ತೋರಿಸಿ." ಗೋಡೆಯ ಚೀಟಿ ನೋಡಿದರು, ನನ್ನ ಮುಖ ನೋಡಿದರು. ಎದ್ದು ಹೋಗಿ ಎರಡನೆಯ ಡಬ್ಬವನ್ನೂ ತಂದು ಮೇಜಿನ ಮೇಲಿಟ್ಟರು. ಎರಡು ಪುಟ್ಟ ಬಟ್ಟಲುಗಳಲ್ಲಿ ಒಂದೊಂದು ಚಿಟಿಕೆ ಹಾಕಿ, ಸ್ಟೂಲನ್ನು ಹತ್ತಿರ ಎಳೆದುಕೊಳ್ಳಲು ಹೇಳಿದರು. ನಾನು ಲೆನ್ಸಿನೊಳಗೆ ಇಣುಕಿ ಇಣುಕಿ ಅದೆಷ್ಟು ಸಲ "ಸುಗೋಯ್" ಅಂದೆನೋ. ಅದ್ಭುತ, ಅದ್ಭುತ ಅಂತ. ಬಟ್ಟಲುಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅಜ್ಜ ನಗುತ್ತಿದ್ದರು.

ಆಗ ಮುಂಬಾಗಿಲಿನಿಂದ ಅವರ ಹೆಂಡತಿ, ಎದುರುಮನೆ ಅಜ್ಜಿ, ಕರೆದರು. ಬೀದಿಯ ಸುತ್ತೋಲೆಯ ಹಲಗೆ ಬಂದಿತ್ತು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಅದಕ್ಕೆ ಮನೆ ಯಜಮಾನರ ಮುದ್ರೆ ಬೇಕು. "ಒಂದು ನಿಮಿಷ" ಎಂದು ಅಜ್ಜ ಎದ್ದು ಹೋದರು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಅಷ್ಟರಲ್ಲಿ, ಅಕ್ಕಿ ಅಳೆದ ಮೇಲೆ ಉಳಿದದ್ದನ್ನು ಒಂದು ಕಾಳೂ ಬಿಡದೆ ಡಬ್ಬಕ್ಕೆ ಸುರಿಯುವ ಮನೆಯಲ್ಲಿ ಬೆಳೆದ ಈ ಮಹಾತಾಯಿ, ಸಹಾಯ ಮಾಡುವ ಹುಮ್ಮಸ್ಸಿನಲ್ಲಿ, ಎರಡು ಬಟ್ಟಲಿನ ಮದ್ದನ್ನೂ ಎರಡು ಡಬ್ಬಗಳಿಗೆ ಸುರಿದು ಬಟ್ಟಲನ್ನು ಒರೆಸಿಟ್ಟೆ.

ಅಜ್ಜ ಬಂದು ಖಾಲಿ ಬಟ್ಟಲು ನೋಡಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. "ಯಾವುದು ಯಾವುದಕ್ಕೆ ಹಾಕಿದಿರಿ?"

"ಇದು ಇದಕ್ಕೆ, ಅದು ಅದಕ್ಕೆ."

"ಖಂಡಿತವಾಗಿ?"

"ನೂರಕ್ಕೆ ನೂರು."

ಗೊತ್ತಿಲ್ಲ ಎನ್ನುವುದು ನಮ್ಮ ಕಡೆ ನಾಲಿಗೆಗೆ ಬರುವ ಮಾತೇ ಅಲ್ಲ. ದಾರಿ ಕೇಳಿದವರಿಗೆ ಗೊತ್ತಿಲ್ಲದ ದಾರಿಯನ್ನೂ ಧೈರ್ಯವಾಗಿ ತೋರಿಸುವ ಊರಿನವರು ನಾವು. ತರಗತಿಯಲ್ಲಿ ಮೇಷ್ಟ್ರು ಕೇಳಿದರೆ ತಪ್ಪಾದರೂ ಸರಿ, ಥಟ್ಟನೆ ಹೇಳಬೇಕು. ವೈವಾದಲ್ಲಿ ಹೇಳಬೇಕು, ಇಂಟರ್‌ವ್ಯೂನಲ್ಲಿ ಹೇಳಬೇಕು. ಥಟ್ಟನೆ ಹೇಳಿಯೇ ನಾನು ಮೈಸೂರಿನಿಂದ ಒಕಾಜಾಕಿಯವರೆಗೆ ಬಂದವಳು. ಅಜ್ಜ ತಲೆಯಾಡಿಸಿ ಎರಡೂ ಮುಚ್ಚಳ ಹಾಕಿದರು, ಅರಿಗಾತೋ ಎಂದು ಧನ್ಯವಾದ ಹೇಳಿದರು. ಅಜ್ಜಿ ಚಹಾ ತಂದರು. ನಾನು ಮನೆಗೆ ಬಂದು ಅನ್ನ ಸಾರು ಮಾಡಿಕೊಂಡು ಉಂಡು ಹಾಯಾಗಿ ಮಲಗಿದೆ.

ಸೋಮವಾರ ಲ್ಯಾಬಿನಲ್ಲಿ ಎರಡು ಗಾಜಿನ ತಟ್ಟೆಗಳನ್ನು ಮೈಕ್ರೋಸ್ಕೋಪಿನ ಕೆಳಗೆ ಅದಲು ಬದಲು ಮಾಡಿ ನೋಡುತ್ತಿದ್ದೆ. ಆಗ ಹೊಳೆಯಿತು. ಅಜ್ಜನ ಬಟ್ಟಲುಗಳನ್ನೂ ಹೀಗೆಯೇ ತಿರುಗಿಸಿದ್ದೆ. ಕೊನೆಗೆ ಎಡಗಡೆ ಇದ್ದದ್ದು ಯಾವುದು... ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಆವತ್ತೂ ಗೊತ್ತಿರಲಿಲ್ಲ, ಅದು ನಿಜ. ಗೊತ್ತಿಲ್ಲದೆಯೇ ನೂರಕ್ಕೆ ನೂರು ಅಂದಿದ್ದೆ.

ಆ ಸಂಜೆ ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಒಂದು ಚಿಟಿಕೆ ತಾನೆ, ಅಷ್ಟು ದೊಡ್ಡ ಡಬ್ಬದಲ್ಲಿ ಏನಾಗುತ್ತದೆ ಎಂದು ನಾನೇ ಸಮಾಧಾನವನ್ನೂ ಹೇಳಿಕೊಂಡೆ.

"ಚಿಟಿಕೆನೋ ಚಮಚನೋ, ಸಿಡಿಯೋದು ಅವ್ರ ಮುಖದ ಹತ್ರ ಕಣೆ. ಸಂಡೇ ಒಳಗೆ ಹೋಗಿ ಹೇಳ್ಬಿಡು" ಅಂದ.

"ಹೇಳಿದ್ರೆ ನನ್ನ ಬಗ್ಗೆ ಏನಂದ್ಕೋತಾರೆ?"

"ಹೇಳ್ದೆ ಇದ್ರೆ ನೀನೇ ಏನಂದ್ಕೋತೀಯ?"

ಮಂಗಳವಾರ ಅವರ ಮನೆಯ ಮುಂದೆ ಸೈಕಲ್ ನಿಧಾನ ಮಾಡಿದೆ, ನಿಲ್ಲಿಸಲಿಲ್ಲ. ಬುಧವಾರವೂ ಅಷ್ಟೇ. ಮಾತು ಆಡಿದರೆ ಹೋಯಿತು ಎಂದು ಅಮ್ಮ ಸಾವಿರ ಸಲ ಹೇಳಿದ್ದಳು. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ ಎಂದು ಮಾತ್ರ ಹೇಳಿಕೊಟ್ಟಿರಲಿಲ್ಲ. ಅಜ್ಜನ ಮುಖ ರಕ್ತವಾದಂತೆ ಕಣ್ಣಿಗೆ ಕಟ್ಟುತ್ತಿತ್ತು, ಆದರೂ ನಾಚಿಕೆ ಬಿಡಲಿಲ್ಲ. ನನ್ನ ಬಗ್ಗೆ ನನಗೆ ಇವತ್ತಿಗೂ ಅಸಹ್ಯ ಹುಟ್ಟಿಸುವುದು ಆ ಎರಡು ದಿನಗಳೇ.

ಗುರುವಾರ ಮಧ್ಯಾಹ್ನ ಊಟ ಬಿಟ್ಟು ಹೋದೆ. ಅಜ್ಜ ಅಂಗಳದಲ್ಲಿ ಸಿಪ್ಪೆ ತೆಗೆದ, ಟೊಮೆಟೊ ಆಕಾರದ ಕಿತ್ತಳೆ ಬಣ್ಣದ ಕಾಕಿ ಹಣ್ಣುಗಳನ್ನು ದಾರಕ್ಕೆ ಕಟ್ಟಿ ಒಣಗಲು ತೂಗುಹಾಕುತ್ತಿದ್ದರು. ನಾನು ನಿಂತಲ್ಲೇ ಬಗ್ಗಿ, ತಲೆ ಎತ್ತದೆ ಹೇಳಿದೆ: "ಓಜೀಸಾನ್, ಶನಿವಾರ ನಾನು ಹೇಳಿದ್ದು ಸುಳ್ಳು. ಯಾವ ಮದ್ದು ಯಾವ ಡಬ್ಬಕ್ಕೆ ಹೋಯ್ತೋ ನನಗೆ ಗೊತ್ತಿಲ್ಲ. ದಯವಿಟ್ಟು ಅದನ್ನ ತುಂಬಬೇಡಿ."

ಅವರು ಕೈಯಲ್ಲಿದ್ದ ಗಂಟನ್ನು ಪೂರ್ತಿ ಕಟ್ಟಿದರು. ಹಣ್ಣನ್ನು ತೂಗುಹಾಕಿದರು.

"ಗೊತ್ತಿತ್ತು. ನೀವು ಬಹಳ ಬೇಗ ಉತ್ತರ ಕೊಟ್ಟಿರಿ, ಹಕಾಸೆ. ನಲವತ್ತು ವರ್ಷದಿಂದ ನೋಡಿದ ನಾನೂ ಅಷ್ಟು ಬೇಗ ಹೇಳಲಾರೆ."

ಎರಡೂ ಡಬ್ಬಗಳು ಸೋಮವಾರ ಬೆಳಿಗ್ಗೆಯೇ ವಿಲೇವಾರಿಗೆಂದು ಅಂಗಡಿಗೆ ಹೋಗಿದ್ದವು. ನಾನು ಹೇಳಲಿ ಬಿಡಲಿ, ಅವರು ಅದನ್ನು ಮುಟ್ಟುತ್ತಿರಲಿಲ್ಲ. ನಾನು ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಜೊತೆಗೆ ಬಾಯಿಗೆ ಮಾತೂ ಬಂತು. ಹಾಗಾದರೆ ಹೊಸ ಡಬ್ಬ ತರಿಸಿ, ಇನ್ನೂ ಮೂರು ದಿನ ಇದೆ, ಭಾನುವಾರದ ಹೊತ್ತಿಗೆ ಆಗುತ್ತದೆ ಎಂದು ಬಡಬಡಿಸಿದೆ.

"ಬಂದೂಕೂ ಕೊಟ್ಟೆ" ಅಂದರು.

ನನಗೆ ಅರ್ಥವಾಗಲಿಲ್ಲ. ಪರವಾನಗಿ ಪೊಲೀಸರಿಗೆ, ಬಂದೂಕು ಅಂಗಡಿಗೆ. ಮಂಗಳವಾರವೇ. ನಾನು ಅವರ ಮನೆಯ ಮುಂದೆ ಸೈಕಲ್ ನಿಧಾನ ಮಾಡಿದ ದಿನ.

ಯಾಕೆ ಎಂದು ಕೇಳಿದೆ. ತಪ್ಪು ನನ್ನದು, ನಾನೇ ಹೋಗಿ ಪೊಲೀಸರಿಗೆ ಹೇಳುತ್ತೇನೆ ಅಂದೆ. ಅವರು ಪಕ್ಕದಲ್ಲಿ ಬಂದು ಕೂತರು. ಕೈಗೆ ಅಂಟಿದ ಹಣ್ಣಿನ ರಸವನ್ನು ಒರೆಸಿಕೊಂಡರು.

"ಎರಡನೇ ಡಬ್ಬ ಮೇಜಿನ ಮೇಲಿಟ್ಟದ್ದು ನೀವಲ್ಲ. ಮದ್ದು ಬಿಟ್ಟು ಎದ್ದು ಹೋದದ್ದೂ ನೀವಲ್ಲ. ನೀವು ಬಂದು ಕೂತು ಆಶ್ಚರ್ಯಪಡೋದು ನನಗೆ ಇಷ್ಟವಾಗಿತ್ತು. ಯಾರೂ ಹಾಗೆ ನೋಡಿರಲಿಲ್ಲ. ಇನ್ನೊಂದು ಸಲ ನೋಡಲಿ ಅನ್ನಿಸಿತು. ಹಾಗನ್ನಿಸಿದವನ ಕೈಯಲ್ಲಿ ಬಂದೂಕು ಇರಬಾರದು."

ನಾನು ಎಷ್ಟು ಬೇಡಿಕೊಂಡರೂ ಅವರು ಎದ್ದು ಇನ್ನೊಂದು ಹಣ್ಣಿಗೆ ದಾರ ಕಟ್ಟತೊಡಗಿದರು. ಪೊಲೀಸರಿಗೆ ಏನು ಕಾರಣ ಹೇಳಿದರು ಎಂಬುದು ವಾರದ ಮೇಲೆ ಅಜ್ಜಿಯಿಂದ ತಿಳಿಯಿತು. ಕಣ್ಣು ಮಂಜಾಗಿದೆ ಅಂದಿದ್ದರಂತೆ. ತಕ್ಕಡಿಯ ಮುಳ್ಳಿನ ಕೂದಲೆಳೆ ನಡುಕವನ್ನು ಕಾಣುತ್ತಿದ್ದ ಕಣ್ಣು. ನಡೆದದ್ದನ್ನು ಹೇಳಿದ್ದರೆ, ಪರವಾನಗಿ ಇಲ್ಲದ ಪರದೇಶದ ಹೆಂಗಸು ಮದ್ದು ಮುಟ್ಟಿದಳೆಂದು ನನ್ನ ವಿಚಾರಣೆಯಾಗುತ್ತಿತ್ತು, ಸಂಸ್ಥೆಗೆ ಪತ್ರ ಹೋಗುತ್ತಿತ್ತು, ವೀಸಾ ಕತೆ ಏನಾಗುತ್ತಿತ್ತೋ. ಅಳತೆಯಲ್ಲಿ ಒಂದು ಚಕ್ಕೆ ಹೆಚ್ಚುಕಮ್ಮಿ ಸಹಿಸದ ಮನುಷ್ಯ ನನಗಾಗಿ ಸುಳ್ಳು ಹೇಳಿದ್ದರು. ಆ ದೊಡ್ಡತನದ ಮುಂದೆ ನಾನು ಎಷ್ಟು ಚಿಕ್ಕವಳಾದೆ ಎಂದರೆ, ಇಷ್ಟು ವರ್ಷ ಇದನ್ನು ಗಂಡನ ಹೊರತು ಯಾರಿಗೂ ಹೇಳಿಲ್ಲ.

ಆಮೇಲೂ ಅವರು ನನ್ನನ್ನು ಹಕಾಸೆ ಎಂದೇ ಕರೆದರು. ಹೊಸವರ್ಷಕ್ಕೆ ಒಣಗಿದ ಕಾಕಿ ಹಣ್ಣು ಕಳಿಸಿದರು. ಗೋಡೆಯ ಬಟ್ಟೆಚೂರುಗಳನ್ನು ತೆಗೆದಿದ್ದರು, ಅಂಟಿಸಿದ್ದ ಜಾಗಗಳಲ್ಲಿ ಚೌಕ ಚೌಕ ಗುರುತು ಉಳಿದಿತ್ತು. ಎರಡರಲ್ಲಿ ಯಾವುದನ್ನು ಆರಿಸುತ್ತಿದ್ದಿರಿ ಎಂದು ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಒಂದೂವರೆ ವರ್ಷದ ಮೇಲೆ ಪೋಸ್ಟ್‌ಡಾಕ್ ಮುಗಿದು ಟೋಕಿಯೋ ಕಡೆಗೆ ಬಂದೆವು, ಮಗಳು ಹುಟ್ಟಿದಳು, ವರ್ಷಕ್ಕೊಂದು ಶುಭಾಶಯದ ಕಾರ್ಡು ಹೋಗಿ ಬರುತ್ತಿತ್ತು...

ಕಳೆದ ಡಿಸೆಂಬರಿನಲ್ಲಿ ಬಂದದ್ದು ಬೂದು ಅಂಚಿನ ಕಾರ್ಡು. ಮನೆಯಲ್ಲಿ ಸಾವಾಗಿದೆ, ಈ ವರ್ಷ ಶುಭಾಶಯ ಹೇಳುವುದಿಲ್ಲ ಎಂದು ಅಜ್ಜಿ ಬರೆದಿದ್ದರು. ಅಲಮಾರಿಯ ಮೇಲೆ ಇಟ್ಟು ಅದನ್ನು ದಿನವೂ ನೋಡಿದೆ. ಫೋನ್ ಮಾಡಲಿಲ್ಲ. ನನಗೆ ಕೇಳಬೇಕಾದದ್ದು ಒಂದೇ ಇತ್ತು, ಅದನ್ನು ಕೇಳಲು ಭಯವಿತ್ತು.

ಮೊನ್ನೆ ಭಾನುವಾರ, ಉಗುರುಬಣ್ಣ ಅಳಿಸಿದ ಆ ವಾಸನೆ ಇನ್ನೂ ಮನೆಯಲ್ಲಿ ಇರುವಾಗಲೇ, ಫೋನ್ ಮಾಡಿದೆ. ಅಜ್ಜಿಯ ದನಿ ತೆಳುವಾಗಿತ್ತು, ಆದರೆ ನನ್ನನ್ನು ಕೂಡಲೇ ಗುರುತಿಸಿದರು. ಕೊನೆಯ ದಿನಗಳಲ್ಲಿ ಅಜ್ಜನಿಗೆ ನೋವೇನೂ ಇರಲಿಲ್ಲವಂತೆ. ಪ್ರತಿ ವರ್ಷ ಬೇಟೆ ತೆರೆಯುವ ಬೆಳಿಗ್ಗೆ ದಪ್ಪ ಕೋಟು ಹಾಕಿಕೊಂಡು ಅಂಗಳದಲ್ಲಿ ಕೂರುತ್ತಿದ್ದರಂತೆ. ದೂರದ ಗುಡ್ಡದಿಂದ ಸದ್ದು ಬಂದಾಗಲೆಲ್ಲ ಕೈಬೆರಳನ್ನು ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತಿದ್ದರಂತೆ.

ನಾನು ಕೇಳಿದೆ. "ಓಬಾಸಾನ್, ಬಂದೂಕು ಕೊಟ್ಟದ್ದಕ್ಕೆ ಅವರು ಯಾವತ್ತಾದ್ರೂ ನೊಂದ್ಕೊಂಡ್ರಾ?"

ನಮ್ಮ ಕಡೆಯ ಯಾವ ಅಜ್ಜಿಯಾದರೂ, ಛೆ, ಅದೆಲ್ಲ ಏನಿಲ್ಲ ಬಿಡಮ್ಮ, ಎಷ್ಟೋ ಹಳೇ ಕತೆ ಎಂದು ಆ ಕ್ಷಣವೇ ಹೇಳಿ ನನ್ನನ್ನು ಬಿಡಿಸಿಬಿಡುತ್ತಿದ್ದರು. ನಾನು ಅದನ್ನೇ ಕಾಯುತ್ತಿದ್ದೆ. ಆ ಕಡೆಯಿಂದ ಏನೂ ಬರಲಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ, ಸೆಕೆಂಡುಗಳು ಓಡುತ್ತಲೇ ಇದ್ದವು.

"ನನಗೆ ಗೊತ್ತಿಲ್ಲ" ಎಂದರು ಅಜ್ಜಿ.